ಹೊಟ್ಟೆ ಉರಿ, ಹೊಟ್ಟೆಯಲ್ಲಿ ಉರಿ: ಆರೋಗ್ಯ ಸಂವಹನದಲ್ಲಿ ಸ್ವತಂತ್ರ ಸಲಹೆಗಾರರಾಗುವ ಬಗೆ

“ಈ ಮಾತ್ರೆ ತೆಗೆದುಕೊಂಡ ಕೆಲವರಿಗೆ ಹೊಟ್ಟೆ ಉರಿ ಬರಬಹುದು.”

ಹೊಸ ಔಷಧವೊಂದರ ಪರೀಕ್ಷೆಗೆ ಸೇರುವವರು ಓದಿ ಸಹಿ ಹಾಕಬೇಕಾದ ಒಪ್ಪಿಗೆ ಪತ್ರದ ಕರಡಿನಲ್ಲಿ ಈ ವಾಕ್ಯ ಇತ್ತು. ಬರೆದದ್ದು ನಾನೇ. ಇಂಗ್ಲಿಷ್ ಮೂಲದ ಒಂದು ಪದವೂ ಬಿಟ್ಟುಹೋಗಿರಲಿಲ್ಲ, ಕಾಗುಣಿತ ಸರಿಯಿತ್ತು, ನನಗೂ ಸಮಾಧಾನವಿತ್ತು. ಡೊಂಬಿವಲಿಯ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ವಿಜಯಪುರದ ಕಡೆಯ ಒಬ್ಬ ಅಜ್ಜಿ ಮಗನ ಮನೆಯಲ್ಲಿದ್ದಾರೆ. ಔಷಧದ ಹೆಸರು, ಕಂಪನಿಯ ಹೆಸರು ಏನೂ ಇಲ್ಲದೆ ಬರೀ ಆ ಒಂದು ವಾಕ್ಯವನ್ನು ಅವರಿಗೆ ಓದಿ ಹೇಳಿದೆ. ಅಜ್ಜಿ ಬಿಡಿಸುತ್ತಿದ್ದ ಮೆಂತ್ಯ ಸೊಪ್ಪನ್ನು ಪಕ್ಕಕ್ಕಿಟ್ಟು ಕೇಳಿದರು: “ಗುಳಿಗಿ ನುಂಗಿದ್ರ ಹೊಟ್ಟಿ ಉರಿ ಯಾಕ ಬರ್ತೈತಿ? ನಾ ಯಾರ ಮ್ಯಾಲ ಹೊಟ್ಟಿ ಉರ್ಕೋಬೇಕು?”

ಹೊಟ್ಟೆ ಉರಿ ಅಂದರೆ ಕನ್ನಡದಲ್ಲಿ ಅಸೂಯೆ. ಅದು ಗೊತ್ತಿದ್ದೂ ಇಂಗ್ಲಿಷ್ ವಾಕ್ಯದ ನೆರಳಲ್ಲಿ ಕೂತಿದ್ದ ನನಗೆ ಕಾಣಲಿಲ್ಲ. ‘ಹೊಟ್ಟೆಯಲ್ಲಿ ಉರಿ’ ಎಂದು ತಿದ್ದಿದೆ. ಎರಡಕ್ಷರ ಸೇರಿಸಿದ್ದು ಅಷ್ಟೇ. ಆ ಎರಡಕ್ಷರ ಇಲ್ಲದೆ ಹೋಗಿದ್ದರೆ, ಮಾತ್ರೆಯಿಂದ ನಿಜಕ್ಕೂ ಉರಿ ಎದ್ದ ರೋಗಿ ಅದನ್ನು ಡಾಕ್ಟರಿಗೆ ಹೇಳದೆ ಸುಮ್ಮನಿದ್ದುಬಿಡಬಹುದಿತ್ತು.

ಎಲ್ಲಿ ಎರಡಕ್ಷರ ಬೇಕು, ಎಲ್ಲಿ ಇಡೀ ಪ್ಯಾರಾ ಕಿತ್ತುಹಾಕಬೇಕು ಎಂದು ಗುರುತಿಸಿ ಹೇಳುವುದೇ ಆರೋಗ್ಯ ಸಂವಹನದ ಸಲಹೆಗಾರರ ಕೆಲಸ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯಲ್ಲಿ ಬಿಫಾರ್ಮ್, ಬಿಡಿಎಸ್, ಬಿಎಎಂಎಸ್, ಎಂಎಸ್‌ಸಿ ಓದಿದ ಕನ್ನಡದ ಮಕ್ಕಳು ಬೇಕಾದಷ್ಟಿದ್ದಾರೆ. ಮನೆಯಲ್ಲಿ ಕನ್ನಡ ಅಥವಾ ತುಳು, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಲೋಕಲ್‌ನಲ್ಲಿ ಹಿಂದಿ. ಇಷ್ಟು ಕೈಯಲ್ಲಿಟ್ಟುಕೊಂಡೂ ಅವರು ಈ ಪೇಟೆಗೆ ಬರುವಾಗ ಪದಕ್ಕೆ ಇಷ್ಟು ಪೈಸೆ ಎಂದು ಅನುವಾದ ಮಾರುವವರಾಗಿ ಬರುತ್ತಾರೆ. ಪದಕ್ಕೆ ಬೆಲೆ ಕಟ್ಟುವ ಕೆಲಸವನ್ನು ಈಗ ಯಂತ್ರವೂ ಮಾಡುತ್ತದೆ. ಒಂದು ವಾಕ್ಯ ರೋಗಿಯ ಮನೆಗೆ ಹೋದ ಮೇಲೆ ಏನಾಗುತ್ತದೆ ಎಂಬುದಕ್ಕೆ ಹೆಗಲು ಕೊಡುವವರು ಕಡಿಮೆ. ಮಾರಬೇಕಾದದ್ದು ಅದನ್ನು.

ಕೆಲಸ ಎಂದರೆ ಏನೇನು

ಕೆಲಸ ಕೊಡುವವರು ನಾಲ್ಕು ಥರದವರು: ಔಷಧ ಕಂಪನಿಗಳು, ಅವುಗಳ ಪರವಾಗಿ ಕ್ಲಿನಿಕಲ್ ಟ್ರಯಲ್ ನಡೆಸುವ ಸಂಸ್ಥೆಗಳು, ಆಸ್ಪತ್ರೆಗಳು, ಮತ್ತು ಇವರೆಲ್ಲರಿಗೂ ಬರೆದುಕೊಡುವ ಏಜೆನ್ಸಿಗಳು. ಬರವಣಿಗೆಯೂ ಬೇರೆ ಬೇರೆ. ನಿಯಂತ್ರಣ ಇಲಾಖೆಗೆ ಸಲ್ಲಿಸುವ ಟ್ರಯಲ್ ವರದಿಗೆ ಐಸಿಎಚ್ ಇ3 ಎಂಬ ಅಂತರರಾಷ್ಟ್ರೀಯ ಮಾದರಿ ಇದೆ. ಅದರಲ್ಲಿ ಶೈಲಿಗೆ ಜಾಗವಿಲ್ಲ. ಕೋಷ್ಟಕದ ಅಂಕಿಗೂ ವಾಕ್ಯದ ಅಂಕಿಗೂ ತಾಳೆಯಾಗಬೇಕು, ಅಷ್ಟೇ. ಜರ್ನಲ್‌ಗಳಿಗೆ ಪ್ರಬಂಧ ಸಿದ್ಧಪಡಿಸುವುದು ಇನ್ನೊಂದು. ವೈದ್ಯರ ಮುಂದುವರಿದ ಶಿಕ್ಷಣಕ್ಕೆ ಸ್ಲೈಡು, ಮೆಡಿಕಲ್ ರೆಪ್‌ಗಳ ತರಬೇತಿ ಪುಸ್ತಕ, ಆಸ್ಪತ್ರೆಯ ಡಿಸ್ಚಾರ್ಜ್ ಸೂಚನೆ, ರೋಗಿಗಳ ಕರಪತ್ರ, ಆ್ಯಪ್‌ಗಳ ಒಳಗಿನ ಮಾತು, ಒಪ್ಪಿಗೆ ಪತ್ರ ಎಲ್ಲವೂ ಈ ಪಟ್ಟಿಯಲ್ಲೇ ಬರುತ್ತವೆ.

ಜರ್ನಲ್ ಕೆಲಸಕ್ಕೆ ಕೈಹಾಕುವವರು ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಐಸಿಎಂಜೆಇಯ ಲೇಖಕತ್ವದ ನಾಲ್ಕು ಷರತ್ತುಗಳನ್ನು ಮೊದಲ ದಿನವೇ ಓದಿಕೊಳ್ಳಬೇಕು. ಅಧ್ಯಯನಕ್ಕೆ ಗಣನೀಯ ಕೊಡುಗೆ, ಬರೆಯುವುದರಲ್ಲೋ ವಿಮರ್ಶಿಸಿ ತಿದ್ದುವುದರಲ್ಲೋ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆ. ಈ ನಾಲ್ಕೂ ಇದ್ದವರು ಮಾತ್ರ ಲೇಖಕರು. ಹಣ ಪಡೆದು ಬರೆದುಕೊಟ್ಟ ನಿಮ್ಮ ಹೆಸರು ಕೃತಜ್ಞತೆಯ ಸಾಲಿನಲ್ಲಿ, ಹಣ ಕೊಟ್ಟವರ ಹೆಸರಿನ ಸಮೇತ ಬರಬೇಕು. “ನಿಮ್ಮ ಹೆಸರು ಎಲ್ಲೂ ಬೇಡ, ಎರಡು ಸಾವಿರ ಹೆಚ್ಚು ಕೊಡುತ್ತೇವೆ” ಎಂಬ ಕರೆ ನನಗೂ ಬಂದಿದೆ. ಬೇಡ ಎಂದೆ. ಬರೆದವರು ಯಾರು ಎಂದು ಮುಚ್ಚಿಟ್ಟ ಪ್ರಬಂಧವನ್ನು ನಂಬಿ ಯಾವುದೋ ಊರಿನ ಡಾಕ್ಟರು ಔಷಧ ಬರೆಯುತ್ತಾರೆ.

ಇಲ್ಲಿಂದಲೇ ಏಕೆ

ಠಾಣೆ ಒಂದು ಕಾಲಕ್ಕೆ ಔಷಧ ತಯಾರಾಗುವ ಊರು. ಪೋಖ್ರಾನ್ ರಸ್ತೆಯಲ್ಲಿ ಗ್ಲಾಕ್ಸೊ ಕಾರ್ಖಾನೆ ಇತ್ತು. ಆ ಜಾಗವನ್ನು 2014ರಲ್ಲಿ ಒಬೆರಾಯ್ ರಿಯಾಲ್ಟಿ 555 ಕೋಟಿ ರೂಪಾಯಿಗೆ ಕೊಂಡಿತು. ಔಷಧ ತಯಾರಾದ ನೆಲದಲ್ಲಿ ಈಗ ಮನೆಗಳು ಏಳುತ್ತಿವೆ. ಆದರೆ ಕಾರ್ಖಾನೆ ಹೋದಲ್ಲೆಲ್ಲ ಕೆಲಸ ಹೋಗಲಿಲ್ಲ, ಕೆಲಸದ ರೂಪ ಬದಲಾಯಿತು. ಠಾಣೆಯಿಂದ ಟ್ರಾನ್ಸ್‌ಹಾರ್ಬರ್ ಲೋಕಲ್ ಹಿಡಿದು ಐರೋಲಿ, ರಬಾಳೆ, ಘನ್ಸೋಲಿ, ಕೋಪರ್‌ಖೈರಣೆ, ತುರ್ಭೆ ಎಂದು ಇಳಿಯುತ್ತ ಹೋದರೆ ಗೊತ್ತಾಗುತ್ತದೆ. ರಬಾಳೆಯಲ್ಲಿ ರಿಲಯನ್ಸ್ ಲೈಫ್ ಸೈನ್ಸಸ್, ಮಹಾಪೆಯಲ್ಲಿ ಗ್ಲೆನ್‌ಮಾರ್ಕ್‌ನ ಸಂಶೋಧನಾ ಕೇಂದ್ರ, ಇನ್ನೂ ಮುಂದೆ ಖಾರ್‌ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆ್ಯಕ್ಟ್ರೆಕ್. ಪ್ರಯೋಗಾಲಯ, ಆಸ್ಪತ್ರೆ, ದತ್ತಾಂಶದ ಕಚೇರಿ ಎಲ್ಲ ಒಂದೇ ರೈಲು ದಾರಿಯ ಅಕ್ಕಪಕ್ಕದಲ್ಲಿವೆ.

ಇನ್ನೊಂದು ಕಾರಣ ರೋಗಿಗಳು. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿಯವರು ಸುಮಾರು 10 ಲಕ್ಷ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಮನೆಮಾತೇ ಕನ್ನಡವಾಗಿರುವ ಊರುಗಳಿವೆ. ಬೆಳಗಾವಿ, ವಿಜಯಪುರ ಜಿಲ್ಲೆಯವರು ಚಿಕಿತ್ಸೆಗೆಂದು ಮಿರಜಿಗೆ ಹೋಗುವುದು ತಲೆಮಾರುಗಳ ರೂಢಿ. ಕ್ಯಾನ್ಸರ್ ಎಂದರೆ ಟಾಟಾ ಎಂದು ಪರೇಲಿಗೆ, ಖಾರ್‌ಘರ್‌ಗೆ ಕರ್ನಾಟಕದಿಂದ ರಾತ್ರಿ ಬಸ್ಸು ಹತ್ತಿ ಬರುವವರಿದ್ದಾರೆ. ಅವರ ಕೈಗೆ ಸಿಗುವ ಕಾಗದ ಹೆಚ್ಚಾಗಿ ಇಂಗ್ಲಿಷ್, ಹಿಂದಿ, ಮರಾಠಿಯಲ್ಲಿರುತ್ತದೆ. ಕನ್ನಡದ ಪ್ರತಿ ಇದ್ದರೂ ಅದು ಬೆಂಗಳೂರಿನ ಪಠ್ಯಪುಸ್ತಕದ ಕನ್ನಡ. ಜತ್ತದ ರೈತನಿಗೆ ಅದೂ ಇನ್ನೊಂದು ಪರಭಾಷೆ.

ಔಷಧದ ಲೋಕಕ್ಕೂ ಕನ್ನಡದ ಬರವಣಿಗೆಗೂ ಹಳೆಯ ನಂಟಿದೆ. ಜಯಂತ ಕಾಯ್ಕಿಣಿ ಜೀವರಸಾಯನ ಶಾಸ್ತ್ರ ಓದಿ ಮುಂಬಯಿಯ ಔಷಧ ಕಂಪನಿಯಲ್ಲಿ ಕೆಮಿಸ್ಟ್ ಆಗಿ ದುಡಿದವರು. ವೈದ್ಯೆ ಅನುಪಮಾ ನಿರಂಜನ ‘ತಾಯಿ ಮಗು’, ‘ವಧುವಿಗೆ ಕಿವಿಮಾತು’ ಬರೆದು ಹೆಣ್ಣುಮಕ್ಕಳಿಗೆ ಮನೆಯಲ್ಲಿ ಯಾರೂ ಹೇಳದ ಸಂಗತಿಗಳನ್ನು ಹೇಳಿದರು. ವೈದ್ಯಕೀಯ ಪದಗಳಿಗೆ ಕನ್ನಡ ಹುಡುಕಿದ ಡಾ. ಡಿ.ಎಸ್. ಶಿವಪ್ಪ, ಕಲಬುರಗಿಯ ಡಾ. ಪಿ.ಎಸ್. ಶಂಕರ್, ಮನಸ್ಸಿನ ಕಾಯಿಲೆಗಳ ಬಗ್ಗೆ ಪುಸ್ತಕದ ಮೇಲೆ ಪುಸ್ತಕ ಬರೆದ ಡಾ. ಸಿ.ಆರ್. ಚಂದ್ರಶೇಖರ್, ಇವರ ಬರಹಗಳನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಖಿನ್ನತೆ ಎಂಬ ಪದವನ್ನು ಯಾವ ವಾಕ್ಯದೊಳಗೆ ಕೂರಿಸಿದರೆ ಓದುವವನು ಹೆದರದೆ ಒಪ್ಪಿಕೊಳ್ಳುತ್ತಾನೆ ಎಂಬುದನ್ನು ನಾನು ಕಲಿತದ್ದು ಯಾವ ಕೋರ್ಸಿನಲ್ಲೂ ಅಲ್ಲ, ಚಂದ್ರಶೇಖರ್ ಅವರ ಪುಸ್ತಕಗಳಲ್ಲಿ.

ಒಪ್ಪಿಗೆ ಪತ್ರ ಎಂಬ ಕಾಗದ

ಕನ್ನಡ ಬಲ್ಲವರಿಗೆ ಇಲ್ಲಿ ಮೊದಲು ಸಿಗುವ ಕೆಲಸ ಬಹುತೇಕ ಒಪ್ಪಿಗೆ ಪತ್ರದ್ದೇ. ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡುವ ಯೋಜನೆ ಶುರುವಾಯಿತು. 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಖಮ್ಮಂನಲ್ಲಿ ಎಷ್ಟೋ ಹುಡುಗಿಯರ ಪರವಾಗಿ ತಂದೆ ತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು ಬಯಲಾಯಿತು. ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಕೊಟ್ಟ ವರದಿ ಕಟುವಾಗಿತ್ತು. ಲಸಿಕೆಯ ಗುಣದೋಷದ ಪ್ರಶ್ನೆ ಬೇರೆ. ನನ್ನ ಕಸುಬಿಗೆ ಸಂಬಂಧಪಟ್ಟ ಪ್ರಶ್ನೆ ಒಂದೇ: ಆ ಕಾಗದದಲ್ಲಿ ಏನಿದೆ ಎಂದು ಆ ಮನೆಗಳಿಗೆ ಯಾರಾದರೂ ತಿಳಿಸಿದ್ದರೇ?

ಈಗ ಚಾಲ್ತಿಯಲ್ಲಿರುವುದು 2019ರ ಮಾರ್ಚ್‌ನಲ್ಲಿ ಹೊರಟ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಟ್ರಯಲ್‌ಗೆ ಸೇರುವವನಿಗೆ ಅರ್ಥವಾಗುವ ಭಾಷೆಯಲ್ಲಿ, ತಾಂತ್ರಿಕವಲ್ಲದ ಮಾತಿನಲ್ಲಿ ವಿಷಯ ತಿಳಿಸಬೇಕು. ಓದು ಬಾರದವನಿದ್ದರೆ ಪಕ್ಷಪಾತವಿಲ್ಲದ ಸಾಕ್ಷಿಯೊಬ್ಬರು ಇಡೀ ಹೊತ್ತು ಅಲ್ಲಿರಬೇಕು. ಅನುವಾದವಾದ ಮೇಲೆ ಇನ್ನೊಬ್ಬರು ಮೂಲ ನೋಡದೆ ಅದನ್ನು ಇಂಗ್ಲಿಷಿಗೆ ಮರಳಿ ತರುತ್ತಾರೆ. ಎರಡು ಇಂಗ್ಲಿಷ್ ಪ್ರತಿಗಳನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ, ಎಥಿಕ್ಸ್ ಕಮಿಟಿ ನೋಡುತ್ತದೆ.

ಈ ಮರಳಿ ಅನುವಾದದಲ್ಲಿ ಒಂದು ಅಪಾಯವಿದೆ. ಪದಕ್ಕೆ ಪದ ಇಟ್ಟ ಕೆಟ್ಟ ಕನ್ನಡ ಇಂಗ್ಲಿಷಿಗೆ ಸಲೀಸಾಗಿ ಮರಳುತ್ತದೆ, ಪರೀಕ್ಷೆಯಲ್ಲಿ ಪಾಸಾಗುತ್ತದೆ. ‘ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು’ ಎಂದು ಬರೆದರೆ ಮರಳಿ ತರುವವರಿಗೆ ಒಂದು ಕ್ಷಣವೂ ಅನುಮಾನ ಬರುವುದಿಲ್ಲ. ಅಜ್ಜಿಗೆ ಮಾತ್ರ ಏನೂ ತಿಳಿಯುವುದಿಲ್ಲ. ‘ನಿಮಗೆ ಯಾವ ಔಷಧ ಎಂಬುದನ್ನು ಡಾಕ್ಟರು ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ’ ಎಂದರೆ ತಿಳಿಯುತ್ತದೆ. ಆದರೆ ಮರಳಿ ಇಂಗ್ಲಿಷಿಗೆ ಬಂದಾಗ ಚೀಟಿ ಎಲ್ಲಿಂದ ಬಂತು ಎಂದು ಕಂಪನಿಯವರು ಕೇಳುತ್ತಾರೆ. ಅದಕ್ಕೆ ಉತ್ತರ ಬರೆದು ಕಳುಹಿಸುವುದು ಸಲಹೆಗಾರರ ಕೆಲಸ, ಮತ್ತು ಅದಕ್ಕೆ ಬೇರೆ ಶುಲ್ಕ. ನಾನು ಪ್ರತಿ ಕರಡಿನ ಜೊತೆ ಒಂದು ಹಾಳೆ ಇಡುತ್ತೇನೆ: ಯಾವ ಪದ, ಯಾಕೆ ಬದಲಿಸಿದೆ, ಬಿಟ್ಟಿದ್ದರೆ ರೋಗಿ ಏನೆಂದುಕೊಳ್ಳುತ್ತಿದ್ದರು. ಅನುವಾದಕ್ಕಿಂತ ಆ ಹಾಳೆಗಾಗಿಯೇ ಜನ ಮತ್ತೆ ಕರೆಯುತ್ತಾರೆ.

ನಮ್ಮ ಊರಿನವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಮರಾಠಿ ನಮ್ಮ ಕಿವಿಯಲ್ಲಿ ಸದಾ ಇರುತ್ತದೆ, ಒಂದೇ ಸಂಸ್ಕೃತ ಪದ ಎರಡೂ ಭಾಷೆಯಲ್ಲಿ ಬೇರೆ ಬೇರೆ ಸಂಸಾರ ಹೂಡಿರುತ್ತದೆ. ಮರಾಠಿಯ ‘ಉಪಚಾರ’ ಎಂದರೆ ಚಿಕಿತ್ಸೆ; ಕನ್ನಡದಲ್ಲಿ ಉಪಚಾರ ಎಂದರೆ ನೆಂಟರಿಗೆ ಮಾಡುವುದು. ಮರಾಠಿಯ ‘ತಾಪ’ ಜ್ವರ, ನಮ್ಮ ತಾಪ ಬರೀ ಬಿಸಿ ಅಥವಾ ಸಂಕಟ. ಮರಾಠಿಯಲ್ಲಿ ‘ಸಂಸರ್ಗ’ ಎಂದರೆ ಸೋಂಕು. ಕನ್ನಡದಲ್ಲಿ ಅದೇ ಪದಕ್ಕೆ ಗಂಡುಹೆಣ್ಣಿನ ಕೂಟ ಎಂಬ ಅರ್ಥವೂ ಇದೆ. ಮರಾಠಿ ಪ್ರತಿಯನ್ನು ಮುಂದಿಟ್ಟುಕೊಂಡು ಅವಸರದಲ್ಲಿ ಕನ್ನಡ ಮಾಡಿದ ಕರಪತ್ರವೊಂದರಲ್ಲಿ ಮೂತ್ರನಾಳದ ಸಂಸರ್ಗ ಎಂದು ಅಚ್ಚಾದದ್ದನ್ನು ನಾನು ನೋಡಿದ್ದೇನೆ. ಆ ಕರಪತ್ರವನ್ನು ಯಾವ ಹೆಂಗಸು ಮಾವನ ಮುಂದೆ ಮೇಜಿನ ಮೇಲೆ ಇಟ್ಟಾಳು?

ಒಂದು ಪದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ವೈದ್ಯಕೀಯ ಭಾಷಾಂತರಕಾರರೆಲ್ಲ ನೆನೆಯುವ ಪ್ರಕರಣ ಅಮೆರಿಕದ ಫ್ಲೋರಿಡಾದ್ದು. 1980ರಲ್ಲಿ ವಿಲಿ ರಮಿರೆಜ್ ಎಂಬ 18ರ ಹುಡುಗನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮನೆಯವರು ತಮ್ಮ ಕ್ಯೂಬಾ ಸ್ಪ್ಯಾನಿಷ್‌ನಲ್ಲಿ ‘ಇಂತೋಕ್ಸಿಕಾದೊ’ ಎಂದರು, ತಿಂದದ್ದೋ ಕುಡಿದದ್ದೋ ಆಗಿಬರಲಿಲ್ಲ ಎಂಬ ಅರ್ಥದಲ್ಲಿ. ಡಾಕ್ಟರುಗಳು ಮಾದಕ ವಸ್ತು ಅತಿಯಾಯಿತು ಎಂದು ತಿಳಿದು ಅದಕ್ಕೇ ಚಿಕಿತ್ಸೆ ಕೊಟ್ಟರು. ಆಗಿದ್ದದ್ದು ಮಿದುಳಿನ ರಕ್ತಸ್ರಾವ. ಹುಡುಗನ ಕೈಕಾಲು ನಾಲ್ಕೂ ಬಿದ್ದುಹೋದವು. ಪರಿಹಾರದ ಮೊತ್ತ ಸುಮಾರು 7 ಕೋಟಿ 10 ಲಕ್ಷ ಡಾಲರ್.

ನಮ್ಮಲ್ಲಿ ದಿನವೂ ಎದುರಾಗುವುದು ಮೆಥೊಟ್ರೆಕ್ಸೇಟ್‌ನಂಥ ಮಾತ್ರೆ. ಕೀಲುವಾತಕ್ಕೆ ಇದನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕು. ದಿನಾ ತೆಗೆದುಕೊಂಡು ಪ್ರಾಣ ಕಳೆದುಕೊಂಡವರು ಜಗತ್ತಿನ ಎಲ್ಲೆಡೆ ಇದ್ದಾರೆ. ‘ವಾರಕ್ಕೊಮ್ಮೆ’ ಎಂಬುದು ಸರಿಯಾದ ಕನ್ನಡವೇ, ಆದರೆ ಸಾಲದು. ‘ಪ್ರತಿ ಸೋಮವಾರ ಮಾತ್ರ. ಬೇರೆ ದಿನ ಬೇಡ’ ಎಂದು ವಾರದ ಹೆಸರು ಹೇಳಿ ಬರೆಯಬೇಕು.

ಕೆಲಸ ಹುಡುಕುವುದು

ಭಾರತದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿ, ಅಂದರೆ ಸಿಟಿಆರ್‌ಐ, 2007ರಲ್ಲಿ ಶುರುವಾಯಿತು. 2009ರ ಜೂನ್ 15ರಿಂದ ಅಲ್ಲಿ ನೋಂದಣಿ ಕಡ್ಡಾಯ. ಅದನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದು. ಪ್ರತಿ ಟ್ರಯಲ್‌ನ ಕೆಳಗೆ ಯಾವ ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ, ಹಣ ಹಾಕುವವರು ಯಾರು, ಸಾರ್ವಜನಿಕರು ಕೇಳಬೇಕಾದರೆ ಯಾರನ್ನು ಕೇಳಬೇಕು ಎಲ್ಲ ಇರುತ್ತದೆ. ವಾರಕ್ಕೊಂದು ಸಂಜೆ ಕೂತು, ರೋಗಿಗಳ ಸೇರ್ಪಡೆ ಇನ್ನೂ ಶುರುವಾಗದ ಟ್ರಯಲ್‌ಗಳಲ್ಲಿ ಬೆಳಗಾವಿ, ಹುಬ್ಬಳ್ಳಿ, ಮೈಸೂರು, ಮಂಗಳೂರು, ಸೊಲ್ಲಾಪುರದ ಕೇಂದ್ರಗಳಿರುವುದನ್ನು ಗುರುತು ಹಾಕಿಕೊಳ್ಳಿ. ಅವರಿಗೆ ಕನ್ನಡದ ಕಾಗದ ಬೇಕೇ ಬೇಕು. ಆ ಟ್ರಯಲ್‌ನ ಹೆಸರು ಹೇಳಿ, ಕಾಯಿಲೆಯ ಬಗ್ಗೆ ನಿಮಗೆ ಗೊತ್ತಿರುವುದನ್ನು ಎರಡು ಸಾಲಿನಲ್ಲಿ ತೋರಿಸಿ ಬರೆದ ಪತ್ರ, ‘ನಾನು ಅನುಭವಿ ಅನುವಾದಕ’ ಎಂದು ನೂರು ಜನಕ್ಕೆ ಕಳುಹಿಸಿದ ಪತ್ರಕ್ಕಿಂತ ಮೇಲು.

ಕಲಿಯುವುದಕ್ಕೆ ಲಕ್ಷಗಟ್ಟಲೆ ಸುರಿಯಬೇಕಿಲ್ಲ. ಗುಡ್ ಕ್ಲಿನಿಕಲ್ ಪ್ರಾಕ್ಟೀಸ್, ಅಂದರೆ ಟ್ರಯಲ್ ನಡೆಸುವ ರೀತಿನೀತಿಯ ತರಬೇತಿ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅದರ ಮಾರ್ಗಸೂಚಿ ಐಸಿಎಚ್ ಇ6ರ ಮೂರನೇ ಪರಿಷ್ಕರಣೆ 2025ರ ಜನವರಿಯಲ್ಲಿ ಅಂತಿಮವಾಗಿದೆ, ಹಳೆಯ ಪ್ರತಿ ಓದಿ ಕೂರಬೇಡಿ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯಲ್ಲಿ ಒಪ್ಪಿಗೆಯ ಅಧ್ಯಾಯವನ್ನು ಎರಡು ಸಲ ಓದಿ. ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟಿನ್ ಸೈನಾನಿ ಅವರ ವಿಜ್ಞಾನ ಬರವಣಿಗೆಯ ಪಾಠ ಕೋರ್ಸೆರಾದಲ್ಲಿದೆ, ಇಂಗ್ಲಿಷ್ ವಾಕ್ಯದ ಕೊಬ್ಬು ಕರಗಿಸುವುದನ್ನು ಚೆನ್ನಾಗಿ ಕಲಿಸುತ್ತದೆ. ಸಾಧ್ಯವಾದರೆ ಎರಡು ಮೂರು ವರ್ಷ ಏಜೆನ್ಸಿಯಲ್ಲೋ ಟ್ರಯಲ್ ಸಂಸ್ಥೆಯಲ್ಲೋ ಸಂಬಳಕ್ಕೆ ದುಡಿದು ಆಮೇಲೆ ಸ್ವತಂತ್ರರಾಗಿ. ಒಂದು ದಾಖಲೆ ಹತ್ತು ಕೈ ದಾಟಿ ಹೇಗೆ ಅಂತಿಮವಾಗುತ್ತದೆ ಎಂಬುದು ಒಳಗಿದ್ದು ನೋಡದೆ ತಿಳಿಯುವುದಿಲ್ಲ.

ದುಡ್ಡಿನ ಮಾತು

ಗಂಟೆಗೆ ಎಷ್ಟು ಕೇಳಬೇಕು? ತಿಂಗಳಿಗೆ ಕೈಗೆ 60,000 ಬೇಕು ಎಂದಿಟ್ಟುಕೊಳ್ಳಿ. ಇಂಟರ್ನೆಟ್, ಸಾಫ್ಟ್‌ವೇರ್, ಲೆಕ್ಕಪತ್ರ, ಆರೋಗ್ಯ ವಿಮೆ, ತೆರಿಗೆಗೆ ತೆಗೆದಿಡುವುದು ಸೇರಿ ಇನ್ನು 15,000. ತಿಂಗಳಲ್ಲಿ 22 ದಿನ ಕೆಲಸ ಎಂದುಕೊಂಡರೂ ಬಿಲ್ ಮಾಡುವ ದಿನ ಹನ್ನೆರಡು ದಾಟುವುದು ಕಷ್ಟ. ಉಳಿದದ್ದು ಪತ್ರ ಬರೆಯುವುದು, ಓದುವುದು, ಹಣಕ್ಕೆ ಕೇಳುವುದರಲ್ಲಿ ಹೋಗುತ್ತದೆ. ದಿನಕ್ಕೆ ಆರು ಗಂಟೆ ಗಟ್ಟಿ ಕೆಲಸ. 75,000ವನ್ನು 72 ಗಂಟೆಗೆ ಹಂಚಿದರೆ ಗಂಟೆಗೆ ಸಾವಿರದ ನಲವತ್ತರ ಮೇಲಾಯಿತು. ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು, ಆದರೆ ಈ ಲೆಕ್ಕ ಹಾಕದೆ ದರ ಹೇಳಬೇಡಿ. ಗಿರಾಕಿಗೆ ಗಂಟೆಯ ದರ ಹೇಳುವುದಕ್ಕಿಂತ ಇಡೀ ಕೆಲಸಕ್ಕೆ ಇಷ್ಟು, ಎರಡು ಸಲ ತಿದ್ದುಪಡಿ ಸೇರಿ, ಮೂರನೆಯದಕ್ಕೆ ಬೇರೆ ಎಂದು ಹೇಳುವುದು ಒಳ್ಳೆಯದು.

ಹಣ ತಡವಾಗುವುದು ಈ ಕಸುಬಿನ ದೊಡ್ಡ ನೋವು. ಒಂದು ಸಂಸ್ಥೆಯಿಂದ ನನ್ನ ಹಣ ಏಳು ತಿಂಗಳು ಬರಲಿಲ್ಲ. ಆ ಏಳು ತಿಂಗಳಲ್ಲಿ ಮಗಳ ಶಾಲೆಯ ಎರಡು ಕಂತು ಕಟ್ಟಬೇಕಿತ್ತು. ಆಮೇಲೆ ಸಣ್ಣ ಉದ್ಯಮಗಳಿಗಿರುವ ಸರಕಾರಿ ‘ಉದ್ಯಮ್’ ನೋಂದಣಿ ಮಾಡಿಸಿದೆ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಪುಕ್ಕಟೆ ಆಗುತ್ತದೆ, ದಲ್ಲಾಳಿಗೆ ಕೊಡುವ ಅಗತ್ಯವೇ ಇಲ್ಲ. 2006ರ ಎಂಎಸ್‌ಎಂಇ ಕಾಯಿದೆಯಂತೆ ಸಣ್ಣ ಪೂರೈಕೆದಾರರಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇತ್ತೀಚೆಗೆ ಆದಾಯ ತೆರಿಗೆಯಲ್ಲೂ ಈ ಗಡುವು ಸೇರಿರುವುದರಿಂದ, ತಡ ಮಾಡಿದ ಕಂಪನಿಗೆ ಆ ಖರ್ಚನ್ನು ಅದೇ ವರ್ಷ ತೋರಿಸಲು ಅಡ್ಡಿಯಾಗುತ್ತದೆ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಹಾಕಿದ ಮೇಲೆ ಫೋನು ಮಾಡುವ ಪ್ರಸಂಗ ಕಡಿಮೆಯಾಗಿದೆ.

ಉಳಿದದ್ದು ಚುಟುಕಾಗಿ. ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ವೃತ್ತಿಪರ ಶುಲ್ಕದ ಮೇಲೆ ಕಂಪನಿ ಶೇಕಡ 10 ಟಿಡಿಎಸ್ ಹಿಡಿಯುತ್ತದೆ, ರಿಟರ್ನ್ ಹಾಕಿ ಹೊಂದಿಸಿಕೊಳ್ಳಬೇಕು. ಮಹಾರಾಷ್ಟ್ರದಲ್ಲಿ ಸ್ವಂತ ವೃತ್ತಿಯವರು ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆ ಕಟ್ಟಬೇಕು. ಇದನ್ನು ಮರೆತು ದಂಡ ಕಟ್ಟಿದವರು ಬಹಳ. ಅರ್ಧ ಸಂಪಾದನೆಯನ್ನು ಲಾಭವೆಂದು ತೋರಿಸುವ ಸರಳ ತೆರಿಗೆ ನಿಮಗೆ ಅನ್ವಯಿಸುತ್ತದೆಯೇ ಎಂದು ಸಿಎ ಒಬ್ಬರನ್ನು ಕೇಳಿ, ಪಕ್ಕದ ಮನೆಯವರನ್ನಲ್ಲ. ಒಪ್ಪಂದದಲ್ಲಿ ಗೋಪ್ಯತೆಯ ಷರತ್ತು ಓದಿ ಸಹಿ ಹಾಕಿ: ನಾನು ಅಜ್ಜಿಗೆ ಓದಿ ಹೇಳುವ ವಾಕ್ಯಗಳಿಗೂ ಈಗ ಗಿರಾಕಿಯಿಂದ ಮೊದಲೇ ಲಿಖಿತ ಅನುಮತಿ ಪಡೆಯುತ್ತೇನೆ, ಮತ್ತು ಅಂಥ ಓದುಗರಿಗೆ ಕೊಡುವ ಗೌರವಧನವನ್ನೂ ಬಿಲ್ಲಿನಲ್ಲಿ ಸೇರಿಸುತ್ತೇನೆ. ನಷ್ಟವಾದರೆ ಎಲ್ಲವನ್ನೂ ನೀವೇ ತುಂಬಿಕೊಡಬೇಕು ಎಂಬ ಸಾಲಿದ್ದರೆ, ನಿಮ್ಮ ಶುಲ್ಕದ ಮಿತಿಗೆ ಇಳಿಸಿ ಎಂದು ಕೇಳಿ. ರೋಗಿಗಳ ಹೆಸರಿರುವ ಫೈಲು ನಿಮ್ಮ ಲ್ಯಾಪ್‌ಟಾಪಿಗೆ ಬರಲೇಬಾರದು. ಬಂದರೆ ತಕ್ಷಣ ತಿಳಿಸಿ ಅಳಿಸಿ. ಪುಕ್ಕಟೆ ಅನುವಾದ ಯಂತ್ರಗಳಿಗೆ ಗಿರಾಕಿಯ ದಾಖಲೆ ಹಾಕುವುದೂ ಗೋಪ್ಯತೆ ಮುರಿದಂತೆಯೇ.

ಬೇಡ ಎನ್ನಬೇಕಾದಲ್ಲಿ

ಡಯಾಬಿಟಿಸ್ ಗುಣಪಡಿಸುವ ಪುಡಿ, ಎತ್ತರ ಹೆಚ್ಚಿಸುವ ಕ್ಯಾಪ್ಸೂಲು, ಬಿಪಿ ಮಾತ್ರೆ ಬಿಡಿಸುವ ಕಷಾಯ ಇವುಗಳ ಜಾಹೀರಾತು ಬರೆದುಕೊಡಿ ಎಂದು ಬರುವವರು ಒಳ್ಳೆಯ ದರವನ್ನೇ ಕೊಡುತ್ತಾರೆ. 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯಿದೆಯ ಪಟ್ಟಿಯಲ್ಲಿ 54 ಕಾಯಿಲೆ ಮತ್ತು ಸ್ಥಿತಿಗಳಿವೆ. ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ, ಬೊಜ್ಜು, ಎತ್ತರ ಎಲ್ಲ ಅದರಲ್ಲಿವೆ. ಇವನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದೇ ಅಪರಾಧ. ಆ ಪಟ್ಟಿಯ ಪ್ರತಿಯೊಂದನ್ನು ಮೇಜಿನ ಎದುರಿನ ಗೋಡೆಗೆ ಅಂಟಿಸಿ, ಬಂದವರಿಗೆ ತೋರಿಸಿ.

ದೊಡ್ಡ ಕಂಪನಿಗಳ ಕೆಲಸದಲ್ಲೂ ಕಣ್ಣು ತೆರೆದಿರಬೇಕು. 2024ರ ಮಾರ್ಚ್ 12ರಂದು ಬಂದ ಔಷಧ ಮಾರಾಟದ ಸಂಹಿತೆಯ ಪ್ರಕಾರ ‘ಸೇಫ್’ ಎಂಬ ಪದವನ್ನು ಯಾವ ಷರತ್ತೂ ಇಲ್ಲದೆ ಬಳಸುವಂತಿಲ್ಲ. ಭಾರತದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಇರುವ ಔಷಧವನ್ನು ‘ಹೊಸದು’ ಎನ್ನುವಂತಿಲ್ಲ. ಕನ್ನಡಕ್ಕೆ ಬಂದಾಗ ಇದು ಇನ್ನೂ ಸೂಕ್ಷ್ಮ. ಇಂಗ್ಲಿಷಿನಲ್ಲಿ ‘ಸಾಮಾನ್ಯವಾಗಿ ದೇಹ ಸಹಿಸುತ್ತದೆ’ ಎಂದಿದ್ದದ್ದು ಕನ್ನಡದಲ್ಲಿ ‘ಅಡ್ಡಪರಿಣಾಮವಿಲ್ಲ’ ಎಂದಾಗಿಬಿಡುತ್ತದೆ, ಓದಲು ಚೆನ್ನಾಗಿರುತ್ತದೆ, ಯಾರೂ ತಡೆಯುವುದಿಲ್ಲ. ತಡೆಯಬೇಕಾದವರು ನೀವು.

ಮೊದಲ ಮೂರು ಪುಟ

ಅನುಭವವಿಲ್ಲದೆ ಕೆಲಸ ಕೊಡುವುದಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎನ್ನುವವರಿಗೆ ನಾನು ಹೇಳುವುದು ನಮ್ಮ ಸಂಘಗಳ ಕಡೆ ನೋಡಿ ಎಂದು. ಮಂಜುನಾಥ ವಿದ್ಯಾಲಯ ನಡೆಸುವ ಡೊಂಬಿವಲಿ ಕರ್ನಾಟಕ ಸಂಘದಂಥ ಸಂಸ್ಥೆಗಳು ಈ ಭಾಗದಲ್ಲಿ ಇವೆ. ಜಾತಿ ಸಂಘ, ಭಜನಾ ಮಂಡಳಿ, ಯಕ್ಷಗಾನ ಮಂಡಳಿಗಳೂ ಇವೆ. ಎಲ್ಲಿಯೋ ಒಂದು ಕಡೆ ಭಾನುವಾರ ಆರೋಗ್ಯ ತಪಾಸಣಾ ಶಿಬಿರ ಇದ್ದೇ ಇರುತ್ತದೆ. ರಕ್ತ ತೆಗೆಯುತ್ತಾರೆ, ಬಿಪಿ ನೋಡುತ್ತಾರೆ, ರಿಪೋರ್ಟ್ ಇಂಗ್ಲಿಷಿನಲ್ಲಿ ಕೊಡುತ್ತಾರೆ, ಹಿರಿಯರು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ. ಶಿಬಿರದ ಡಾಕ್ಟರನ್ನು ಕೇಳಿ, ಅವರು ತಿದ್ದಿ ಒಪ್ಪುವ ಹಾಗೆ ಒಂದು ಪುಟದ ಕನ್ನಡ ಹಾಳೆ ಮಾಡಿಕೊಡಿ. ಶುಗರ್‌ಗೆ ಒಂದು, ಬಿಪಿಗೆ ಒಂದು, ಥೈರಾಯ್ಡ್‌ಗೆ ಒಂದು. ಮೂರು ಪುಟವಾದರೆ ತೋರಿಸುವುದಕ್ಕೆ ಕೆಲಸ ಸಿಕ್ಕಿತು. ಹಾಳೆ ಹಂಚಿದ ಮೇಲೆ ಹತ್ತು ಜನರನ್ನು ಪಕ್ಕಕ್ಕೆ ಕರೆದು, “ಇದರಲ್ಲಿ ಏನು ಹೇಳಿದೆ, ನಿಮ್ಮ ಮಾತಲ್ಲಿ ಹೇಳಿ” ಎಂದು ಕೇಳಿ. ಓದಿದಿರಾ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ತಿರುಗಿ ಹೇಳಿ ಎಂದಾಗಲೇ ತಪ್ಪು ಕಾಣುವುದು.

ಕಲ್ಯಾಣದ ಒಂದು ಶಿಬಿರದಲ್ಲಿ ಹೋಟೆಲ್ ಕೆಲಸದಿಂದ ನಿವೃತ್ತರಾದ ಕುಂದಾಪುರದ ಹಿರಿಯರೊಬ್ಬರು ನನ್ನ ಥೈರಾಯ್ಡ್ ಹಾಳೆಯನ್ನು ಗಟ್ಟಿಯಾಗಿ ಓದಿದರು. ‘ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ತೆಗೆದುಕೊಳ್ಳಿ.’ ತಾವು ಹಾಗೇ ಮಾಡುತ್ತಿರುವುದಾಗಿ ಹೇಳಿದರು. ಎಷ್ಟು ಗಂಟೆಗೆ ಏಳುತ್ತೀರಿ, ಎದ್ದು ಏನು ಮಾಡುತ್ತೀರಿ ಎಂದು ಕೇಳಿದೆ. ಐದಕ್ಕೆ ಎದ್ದು ಒಂದು ಲೋಟ ಚಹಾ, ಪೇಪರು, ಆಮೇಲೆ ಮಾತ್ರೆ, ಆಮೇಲೆ ತಿಂಡಿ. “ತಿಂಡಿ ತಿನ್ನದೆ ಹೊಟ್ಟೆ ಖಾಲಿಯೇ ಅಲ್ಲವಾ?” ಎಂದರು. ನಲವತ್ತು ವರ್ಷ ಹೋಟೆಲಿನಲ್ಲಿ ಬೆಳಗಿನ ಚಹಾ ಕುಡಿದವರಿಗೆ ಚಹಾ ಆಹಾರವಲ್ಲ. ಹಾಳೆಯಲ್ಲಿ ಆ ಸಾಲು ಈಗ ಹೀಗಿದೆ: ‘ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನ ಜೊತೆ ಮಾತ್ರೆ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ಬೇಡ. ಚಹಾ, ಕಾಫಿ ಕೂಡ ಬೇಡ.’